ಯಂತ್ರ ಮೊದಲೋ, ಆಟ ಮೊದಲೋ

(ಎಚ್.ಡಿ. ಕೋಟೆ ಬಳಿಯ ಹ್ಯಾಂಡ್‌ಪೋಸ್ಟ್‌ನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿ ಉಪನ್ಯಾಸಕ್ಕೆ ಸಾಮಾನ್ಯವಾಗಿ ವಚನ, ಜಾನಪದ, ನಾಡು–ನುಡಿ ಇಂಥ ವಿಷಯ ಕೊಡುವುದು ವಾಡಿಕೆ. ಈ ಸಲ ದತ್ತಿಯ ಹಿರಿಯರು ನನ್ನನ್ನು ಕರೆಸಿ, ನಮ್ಮ ಮನೆ ಮಕ್ಕಳು ಊಟ ಬಿಟ್ಟು ಯಾವುದರಲ್ಲಿ ಮುಳುಗಿದ್ದಾರೋ ಅದರ ಒಳಗಿನ ವ್ಯವಹಾರ ಹೇಳಿ, ಒಳ್ಳೆಯದು ಕೆಟ್ಟದ್ದು ಅಂತ ಬುದ್ಧಿವಾದ ಬೇಡ ಎಂದರು. ನಾನು ಕೆಲವು ವರ್ಷ ಬೆಂಗಳೂರಿನಲ್ಲಿ ಹೊರದೇಶದ ವಿಡಿಯೋ ಗೇಮುಗಳಿಗೆ ಚಿತ್ರಕೆಲಸ ಮಾಡಿಕೊಡುವ ಕಂಪನಿಯಲ್ಲಿದ್ದವನು. ಆದ್ದರಿಂದ ಒಪ್ಪಿಕೊಂಡೆ. ಅಷ್ಟು ದೊಡ್ಡ ಲೋಕದಿಂದ ಒಂದೇ ಒಂದು ಎಳೆ ಹಿಡಿದು ಮಾತಾಡುತ್ತೇನೆ: ಹೊಸ ಯಂತ್ರ ಮಾರುಕಟ್ಟೆಗೆ ಬರುವುದಕ್ಕೂ ಹೊಸ ಗೇಮ್ ಬಿಡುಗಡೆಯಾಗುವುದಕ್ಕೂ ಏನು ಸಂಬಂಧ?

ಹಿರಿಯರಿಗಾಗಿ ಒಂದು ಮಾತು. ಟಿ.ವಿ.ಗೆ ಜೋಡಿಸಿ, ಕೈಯಲ್ಲಿ ಗುಂಡಿಗಳ ಹಿಡಿ ಹಿಡಿದು ಆಡುವ ಪೆಟ್ಟಿಗೆಗೆ ಕನ್ಸೋಲ್ ಎನ್ನುತ್ತಾರೆ. ಸೋನಿಯವರ ಪ್ಲೇಸ್ಟೇಷನ್, ಮೈಕ್ರೋಸಾಫ್ಟ್‌ನವರ ಎಕ್ಸ್‌ಬಾಕ್ಸ್, ನಿಂಟೆಂಡೊದವರ ಸ್ವಿಚ್, ಇವತ್ತಿನ ಮಟ್ಟಿಗೆ ಇವು ಮೂರೇ ದೊಡ್ಡವು. ಐದಾರು, ಏಳು ವರ್ಷಕ್ಕೊಮ್ಮೆ ಇವರು ಹೊಸ ಪೆಟ್ಟಿಗೆ ತರುತ್ತಾರೆ. ಹಳೆಯ ಪೆಟ್ಟಿಗೆಗೆ ಮಾಡಿದ ಗೇಮ್ ಹೊಸದರಲ್ಲಿ ಓಡಬಹುದು, ಓಡದೆಯೂ ಇರಬಹುದು. ಹೊಸದಕ್ಕೆಂದೇ ಮಾಡಿದ್ದು ಹಳೆಯದರಲ್ಲಿ ಓಡುವುದಿಲ್ಲ. ತೊಡಕು ಶುರುವಾಗುವುದೇ ಇಲ್ಲಿ. ಆಡಲು ಗೇಮೇ ಇಲ್ಲದ ಯಂತ್ರವನ್ನು ಯಾರೂ ಕೊಳ್ಳುವುದಿಲ್ಲ. ಯಾರ ಮನೆಯಲ್ಲೂ ಇಲ್ಲದ ಯಂತ್ರಕ್ಕೆ ಯಾರೂ ಗೇಮ್ ಮಾಡುವುದಿಲ್ಲ. ಯಾರಾದರೊಬ್ಬರು ಮೊದಲು ನಷ್ಟ ಹೊರಲೇಬೇಕು. ಆ ನಷ್ಟ ಯಾರ ತಲೆಗೆ ಬೀಳುತ್ತದೆ ಎಂಬುದೇ ಗೇಮ್ ಬಿಡುಗಡೆಯ ದಿನಾಂಕವನ್ನು ಗೊತ್ತುಮಾಡುತ್ತದೆ. ನಾನು ಹೇಳಬೇಕೆಂದಿರುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

2013ನೇ ಇಸವಿಯನ್ನು ತೆಗೆದುಕೊಳ್ಳಿ. ಆ ವರ್ಷ ನವೆಂಬರ್ 15ಕ್ಕೆ ಅಮೆರಿಕದಲ್ಲಿ ಪ್ಲೇಸ್ಟೇಷನ್ 4, ನವೆಂಬರ್ 22ಕ್ಕೆ ಎಕ್ಸ್‌ಬಾಕ್ಸ್ ಒನ್ ಬಂದವು. ಜಗತ್ತಿನ ಗೇಮ್ ಪತ್ರಿಕೆಗಳೆಲ್ಲ ಇವೆರಡರ ಗುಣಗಾನದಲ್ಲಿ ತೊಡಗಿದ್ದವು. ಆದರೆ ಆ ವರ್ಷದ ಅತಿ ದೊಡ್ಡ ಗೇಮ್ ಜಿಟಿಎ 5 ಬಿಡುಗಡೆಯಾದದ್ದು ಸೆಪ್ಟೆಂಬರ್ 17ಕ್ಕೆ, ಹೊಸ ಯಂತ್ರಗಳು ಬರುವ ಎರಡು ತಿಂಗಳ ಮೊದಲು. ಅದೂ ಏಳೆಂಟು ವರ್ಷ ಹಳೆಯದಾಗಿದ್ದ ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360ಕ್ಕೆ. ಅದನ್ನು ಮಾಡಿದ ರಾಕ್‌ಸ್ಟಾರ್ ಕಂಪನಿಗೆ ಹೊಸ ಯಂತ್ರ ಬರುವುದು ಗೊತ್ತಿರಲಿಲ್ಲವೆ? ಚೆನ್ನಾಗಿಯೇ ಗೊತ್ತಿತ್ತು. ಅವರು ನೋಡಿದ್ದು ಮನೆಗಳ ಲೆಕ್ಕವನ್ನು. ಆ ಹೊತ್ತಿಗೆ ಎರಡೂ ಹಳೆಯ ಯಂತ್ರಗಳು ತಲಾ ಸುಮಾರು 8 ಕೋಟಿ ಮಾರಾಟವಾಗಿದ್ದವು. ಹೊಸದು ಒಂದೂ ಯಾರ ಮನೆಯಲ್ಲೂ ಇರಲಿಲ್ಲ. ಮೂರೇ ದಿನದಲ್ಲಿ ಆ ಗೇಮ್ 100 ಕೋಟಿ ಡಾಲರ್ ವ್ಯಾಪಾರ ಮಾಡಿತು.

ಮುಂದೆ ಅವರು ಇಟ್ಟ ಹೆಜ್ಜೆಗಳನ್ನು ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕು. 2014ರ ನವೆಂಬರ್ 18ಕ್ಕೆ, ಅಂದರೆ ಹೊಸ ಯಂತ್ರಗಳು ಒಂದು ವರ್ಷ ಮಾರಾಟವಾಗಿ ಒಂದಷ್ಟು ಮನೆ ಸೇರಿದ ಮೇಲೆ, ಅದೇ ಗೇಮನ್ನು ಚಿತ್ರಗಳನ್ನು ತಿದ್ದಿ ಹೊಸ ಯಂತ್ರಗಳಿಗೆ ತಂದರು. 2015ರ ಏಪ್ರಿಲ್‌ನಲ್ಲಿ ಕಂಪ್ಯೂಟರಿಗೆ. 2022ರ ಮಾರ್ಚ್‌ನಲ್ಲಿ ಅದರ ಮುಂದಿನ ತಲೆಮಾರಿನ ಪ್ಲೇಸ್ಟೇಷನ್ 5ಕ್ಕೆ, ಹೊಸ ಎಕ್ಸ್‌ಬಾಕ್ಸ್‌ಗೆ. ಒಂದೇ ಗೇಮ್ ಮೂರು ತಲೆಮಾರಿನ ಯಂತ್ರ ಕಂಡಿತು. ಒಟ್ಟು ಮಾರಾಟ 20 ಕೋಟಿ ಪ್ರತಿ ದಾಟಿತು. ಒಂದು ತಲೆಮಾರಿನ ಕೊನೆಯಲ್ಲಿ ಬಂದು, ಮುಂದಿನ ತಲೆಮಾರು ಬಲಿತ ಮೇಲೆ ಮತ್ತೊಮ್ಮೆ ಬರುವ ಈ ಕ್ರಮವನ್ನು ಇಷ್ಟು ಅಚ್ಚುಕಟ್ಟಾಗಿ ಮಾಡಿದವರು ಇನ್ನೊಬ್ಬರಿಲ್ಲ ಎಂದು ನನ್ನ ಅಭಿಪ್ರಾಯ.

ಈ ಕಥೆ ನಮಗೆ ದೂರದ್ದೇನಲ್ಲ. 1990ರ ದಶಕದಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಕಂಪನಿ ಕಟ್ಟಿದರು. ಭಾರತದ ಗೇಮ್ ಉದ್ಯಮದ ಮೊದಲ ಮನೆಗಳಲ್ಲಿ ಅದೂ ಒಂದು. ಎಕ್ಸ್‌ಬಾಕ್ಸ್‌ನ ಕಾರ್ ರೇಸ್ ಗೇಮ್ ಫೋರ್ಜಾ ಸರಣಿಗೆ ಅಲ್ಲಿನ ಕಲಾವಿದರು ಕೆಲಸ ಮಾಡಿದ್ದಾರೆ. 2019ರಲ್ಲಿ ಇದೇ ರಾಕ್‌ಸ್ಟಾರ್ ಧ್ರುವವನ್ನು ಸುಮಾರು 79 ಲಕ್ಷ ಡಾಲರಿಗೆ ಕೊಂಡು, ಬೆಂಗಳೂರಿನಲ್ಲಿ ಆಗಲೇ ಇದ್ದ ತನ್ನ ರಾಕ್‌ಸ್ಟಾರ್ ಇಂಡಿಯಾ ಶಾಖೆಯೊಳಗೆ ಸೇರಿಸಿಕೊಂಡಿತು. ಇವತ್ತು ಪ್ರಪಂಚವೇ ಕಾಯುತ್ತಿರುವ ಜಿಟಿಎ 6ರ ಕೆಲಸದಲ್ಲಿ ಬೆಂಗಳೂರಿನ ಕೈಗಳೂ ಇವೆ. ಮೈಸೂರು, ಮಂಡ್ಯ, ಹಾಸನದ ಕಡೆಯ ಹುಡುಗ ಹುಡುಗಿಯರು ಈ ಉದ್ಯಮದಲ್ಲಿ ಕೂತು ಮರ, ಗೋಡೆ, ಗಾಡಿ, ಬೀದಿದೀಪಗಳನ್ನು ಬಿಡಿಸುತ್ತಾರೆ.

ಹಾಗಾದರೆ ಹೊಸ ಯಂತ್ರದ ಮೊದಲ ದಿನ ಯಾರು ಗೇಮ್ ತರುತ್ತಾರೆ? ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ, ನಮ್ಮ ಈ ನಾಲ್ಕು ತಾಲ್ಲೂಕಿನವರಿಗೆ ಇದನ್ನು ಹೊಗೆಸೊಪ್ಪಿನ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಹರಾಜು ಮಾರುಕಟ್ಟೆ ಬಾಗಿಲು ತೆಗೆದ ದಿನ ಪೂಜೆ ಇರುತ್ತದೆ, ಪೇಪರಿನವರು ಬರುತ್ತಾರೆ, ಮೊದಲ ಬೇಲ್‌ಗೆ ಕೂಗಿದ ದರ ಮಾರನೇ ದಿನ ಅಚ್ಚಾಗುತ್ತದೆ. ಆದರೆ ಬ್ಯಾರನ್‌ನಲ್ಲಿ ಹದವಾದ ಅಷ್ಟೂ ಸೊಪ್ಪನ್ನು ಆ ದಿನವೇ ಟ್ರ್ಯಾಕ್ಟರಿಗೆ ತುಂಬುವ ರೈತ ಯಾರೂ ಇಲ್ಲ. ನಾಲ್ಕು ಬೇಲ್ ಹಾಕಿ ದರ ನೋಡುತ್ತಾನೆ. ಒಳ್ಳೆಯ ದರ್ಜೆಯದನ್ನು ಕೊಳ್ಳುವ ಕಂಪನಿಗಳೆಲ್ಲ ಬಂದು ಕೂತ ಮೇಲೆ ತರುತ್ತಾನೆ. ಮೊದಲ ದಿನ ಹೆಸರು ಸಿಗುತ್ತದೆ; ಹಣ ಕೊಳ್ಳುವವರ ಸಂಖ್ಯೆ ಹೆಚ್ಚಿದ ಮೇಲೆ. ಹೊರಗಿನ ಗೇಮ್ ಕಂಪನಿಗಳದ್ದೂ ಇದೇ ಬುದ್ಧಿ. ಮೊದಲ ದಿನಕ್ಕೆ ಅವರು ಹಳೆಯ ಯಂತ್ರಕ್ಕೆ ಮಾಡಿದ್ದನ್ನೇ ಸ್ವಲ್ಪ ಮೆರುಗು ಕೊಟ್ಟು ತರುತ್ತಾರೆ.

ಆದ್ದರಿಂದ ಮೊದಲ ದಿನದ ಮುಖ್ಯ ಗೇಮ್ ಮಾಡುವ ಹೊಣೆ ಯಂತ್ರ ಮಾಡುವವರದೇ. ಅವರಿಗೆ ಬೇರೆ ಕಡೆಯಿಂದ ಹಣ ಬರುತ್ತದೆ. ಯಂತ್ರವನ್ನು ಅಸಲಿಗೋ, ಅದಕ್ಕಿಂತ ಕಡಿಮೆಗೋ ಮಾರಿ, ಮುಂದೆ ಆ ಯಂತ್ರಕ್ಕೆ ಯಾರೇ ಗೇಮ್ ಮಾರಿದರೂ ಅದರಲ್ಲಿ ಪಾಲು ಹಿಡಿಯುತ್ತಾರೆ. ಇವರ ಆನ್‌ಲೈನ್ ಅಂಗಡಿಗಳಲ್ಲಿ ಈ ಪಾಲು ವಾಡಿಕೆಯಂತೆ ನೂರಕ್ಕೆ ಮೂವತ್ತು. ಆ ಮೂವತ್ತು ರೂಪಾಯಿ ಮುಂದಿನ ಏಳು ವರ್ಷ ಹರಿದು ಬರಬೇಕಾದರೆ ಮೊದಲ ವರ್ಷ ಯಂತ್ರ ಮನೆಮನೆ ಸೇರಬೇಕು. ಅದಕ್ಕೆ ಒಂದು ಗೇಮಿನ ಮೇಲೆ ನಷ್ಟವಾದರೂ ಚಿಂತೆಯಿಲ್ಲ.

1996ರ ಜೂನ್ 23ರಂದು ಜಪಾನಿನಲ್ಲಿ ನಿಂಟೆಂಡೊ 64 ಬಂದಾಗ ಅದರ ಜೊತೆ ಅಂಗಡಿಯಲ್ಲಿದ್ದದ್ದು ಮೂರೇ ಗೇಮ್: ಸೂಪರ್ ಮಾರಿಯೊ 64, ವಿಮಾನ ಹಾರಿಸುವ ಪೈಲಟ್‌ವಿಂಗ್ಸ್, ಜಪಾನೀ ಚದುರಂಗವಾದ ಶೋಗಿಯ ಒಂದು ಗೇಮ್. ಮೂರರಲ್ಲಿ ಜನರನ್ನು ಅಂಗಡಿಗೆ ಎಳೆದು ತಂದದ್ದು ಮಾರಿಯೊ. ಮೂರು ಆಯಾಮದ ಬಯಲಲ್ಲಿ ಒಂದು ಬೊಂಬೆಯನ್ನು ಹೇಗೆ ಓಡಿಸಬೇಕು, ಅದರ ಬೆನ್ನ ಹಿಂದಿನ ಕ್ಯಾಮೆರಾ ಹೇಗೆ ತಿರುಗಬೇಕು ಎಂಬುದನ್ನು ಉದ್ಯಮ ಕಲಿತದ್ದು ಆ ಗೇಮಿನಿಂದ. ಯಂತ್ರಕ್ಕೆ ಹೊಸದಾಗಿ ಸೇರಿಸಿದ ಬೆರಳಿನ ಕಡ್ಡಿ ಯಾಕೆ ಬೇಕು ಎಂದು ಕೇಳಿದವರಿಗೆ ಆ ಗೇಮೇ ಉತ್ತರ. 2006ರಲ್ಲಿ ವೀ ಎಂಬ ಯಂತ್ರ ತಂದಾಗ ಅಮೆರಿಕದಲ್ಲಿ ವೀ ಸ್ಪೋರ್ಟ್ಸ್ ಎಂಬ ಗೇಮನ್ನು ಪೆಟ್ಟಿಗೆಯೊಳಗೇ ಇಟ್ಟು ಕೊಟ್ಟರು. ಅಜ್ಜ ಅಜ್ಜಿಯರೂ ಸೋಫಾ ಬಿಟ್ಟೆದ್ದು ಕೈ ಬೀಸಿ ಟೆನಿಸ್ ಆಡಿದರು.

2017ರ ಮಾರ್ಚ್ 3ರದ್ದು ಇನ್ನೂ ಸ್ವಾರಸ್ಯದ್ದು. ಸ್ವಿಚ್ ಯಂತ್ರ ಮತ್ತು ಜೆಲ್ಡಾ ಸರಣಿಯ ಬ್ರೆತ್ ಆಫ್ ದ ವೈಲ್ಡ್ ಒಂದೇ ದಿನ ಬಂದವು. ಆ ತಿಂಗಳು ಅಮೆರಿಕದಲ್ಲಿ ಮಾರಿದ ಸ್ವಿಚ್ ಯಂತ್ರ 9,06,000. ಸ್ವಿಚ್‌ಗೆಂದು ಮಾರಿದ ಜೆಲ್ಡಾ 9,25,000. ಯಂತ್ರಕ್ಕಿಂತ ಗೇಮೇ ಹೆಚ್ಚು! ವಿಶೇಷ ಆವೃತ್ತಿಯನ್ನು ಕಪಾಟಿನಲ್ಲಿಡಲು ಒಂದು, ಆಡಲು ಒಂದು ಎಂದು ಕೊಂಡವರೂ ಇದ್ದರು, ಯಂತ್ರ ಸಿಗುವ ಮೊದಲೇ ಗೇಮ್ ತಂದಿಟ್ಟುಕೊಂಡವರೂ ಇದ್ದರು. ಅಷ್ಟಾದರೂ ನಿಂಟೆಂಡೊದವರು ಹಳೆಯ ಯಂತ್ರ ವೀ ಯು ಇಟ್ಟುಕೊಂಡವರನ್ನು ಬಿಟ್ಟುಕೊಡಲಿಲ್ಲ. ಅದೇ ದಿನ ಅದಕ್ಕೂ ಅದೇ ಗೇಮ್ ಕೊಟ್ಟರು. ಮೊದಲು ಅದಕ್ಕೆಂದು ತಾನೇ ಮಾಡಲು ಹೊರಟದ್ದು? ಕೊಟ್ಟ ಮಾತು ಉಳಿಸಿಕೊಂಡರು. ಈ ಉದ್ಯಮದಲ್ಲಿ ನನಗೆ ಗೌರವ ಬರುವ ನಡೆಗಳಲ್ಲಿ ಅದೊಂದು.

ದಿನಾಂಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಸೇಗಾ ಕಂಪನಿಯ ಕಥೆ ಹೇಳುತ್ತೇನೆ. ಅವರ ಸ್ಯಾಟರ್ನ್ ಎಂಬ ಯಂತ್ರ ಅಮೆರಿಕಕ್ಕೆ 1995ರ ಸೆಪ್ಟೆಂಬರ್ 2ಕ್ಕೆ ಬರುವುದೆಂದು ಎಲ್ಲರಿಗೂ ತಿಳಿಸಿದ್ದರು. ಅದೇ ತಿಂಗಳು ಸೋನಿಯ ಮೊದಲ ಪ್ಲೇಸ್ಟೇಷನ್ ಬರುವುದಿತ್ತು. ಸೋನಿಗಿಂತ ಮೊದಲು ನುಗ್ಗಬೇಕೆಂದು, ಮೇ 11ರಂದು ಲಾಸ್ ಏಂಜಲೀಸಿನ ವಸ್ತುಪ್ರದರ್ಶನದಲ್ಲಿ ಸೇಗಾದವರು ಎದ್ದು ನಿಂತು, ನಮ್ಮ ಯಂತ್ರ ಇವತ್ತೇ ಅಂಗಡಿಯಲ್ಲಿದೆ, ಬೆಲೆ 399 ಡಾಲರ್ ಎಂದುಬಿಟ್ಟರು. ಅವತ್ತೇ ಸೋನಿಯವರೊಬ್ಬರು ವೇದಿಕೆ ಹತ್ತಿ 299 ಎಂಬ ಒಂದೇ ಸಂಖ್ಯೆ ಹೇಳಿ ಇಳಿದರು ಎಂಬುದು ಈ ಉದ್ಯಮದಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಆದರೆ ಸೇಗಾಕ್ಕೆ ಹೊಡೆತ ಕೊಟ್ಟದ್ದು ಬೆಲೆಯೊಂದೇ ಅಂತ ನಾನು ಒಪ್ಪುವುದಿಲ್ಲ. ಗೇಮ್ ಮಾಡುವ ಬೇರೆ ಬೇರೆ ಕಂಪನಿಗಳು ಸೆಪ್ಟೆಂಬರ್ ಅಂತ ನಂಬಿ ಕೆಲಸ ಹಚ್ಚಿಕೊಂಡಿದ್ದವು. ಅವರ ಗೇಮ್ ಅರ್ಧದಲ್ಲಿದ್ದವು. ಮೇ ತಿಂಗಳಲ್ಲಿ ಯಂತ್ರ ಕೊಂಡವನು ಇದ್ದ ಬೆರಳೆಣಿಕೆಯ ಗೇಮ್ ಆಡಿ ಮುಗಿಸಿ ಬೇಸಿಗೆ ಪೂರ್ತಿ ಸುಮ್ಮನೆ ಕೂರಬೇಕಾಯಿತು. ಯಂತ್ರ ಸಿಗದ ಅಂಗಡಿಯವರು ಸಿಟ್ಟಾದರು. ಒಂದು ದೊಡ್ಡ ಆಟಿಕೆ ಅಂಗಡಿ ಸರಪಳಿ ಸೇಗಾದ ಸಾಮಾನನ್ನೇ ಇಡುವುದಿಲ್ಲ ಎಂದಿತು. ಜೊತೆಗಾರರಿಗೆ ಹೇಳದೆ ದಿನಾಂಕ ಬದಲಿಸಿದ ಮೇಲೆ ಅವರ ನಂಬಿಕೆಯನ್ನು ಮತ್ತೆ ಗಳಿಸಲು ಸೇಗಾಕ್ಕೆ ಆಗಲೇ ಇಲ್ಲ. 2001ರಲ್ಲಿ ಸೇಗಾ ಯಂತ್ರ ಮಾಡುವುದನ್ನೇ ನಿಲ್ಲಿಸಿತು.

ಈಗ ಇದೇ ವಿಷಯವನ್ನು ಕೆಲಸಗಾರರ ಮೇಜಿನಿಂದ ನೋಡೋಣ. ಹೊಸ ಯಂತ್ರ ಅಂಗಡಿಗೆ ಬರುವ ದಿನ ಅದಕ್ಕೆ ಗೇಮ್ ಇರಬೇಕೆಂದರೆ, ಗೇಮ್ ಮಾಡುವವರು ಎರಡು ಮೂರು ವರ್ಷ ಮೊದಲೇ ಶುರು ಮಾಡಿರಬೇಕು. ಆಗ ಯಂತ್ರವೇ ಹುಟ್ಟಿರುವುದಿಲ್ಲ! ಎಕ್ಸ್‌ಬಾಕ್ಸ್ 360 ತಯಾರಾಗುತ್ತಿದ್ದಾಗ ಮೈಕ್ರೋಸಾಫ್ಟ್‌ನವರು ಗೇಮ್ ಕಂಪನಿಗಳಿಗೆ ಕಳಿಸಿಕೊಟ್ಟದ್ದು ತಮ್ಮ ಎದುರಾಳಿ ಆ್ಯಪಲ್‌ನ ಪವರ್ ಮ್ಯಾಕ್ ಜಿ5 ಕಂಪ್ಯೂಟರುಗಳನ್ನು. ಒಳಗಿನ ಪ್ರೊಸೆಸರ್ ಒಂದೇ ಜಾತಿಯದು, ಇದರ ಮೇಲೆ ಶುರು ಮಾಡಿಕೊಳ್ಳಿ ಎಂದರು. ಅಂದಾಜಿನ ಯಂತ್ರದ ಮೇಲೆ ಮಾಡಿದ್ದನ್ನು ಅಸಲಿ ಯಂತ್ರ ಬಂದ ಮೇಲೆ ತಿದ್ದಬೇಕು. ಮೊದಲ ದಿನದ ಗೇಮುಗಳು ಸಾಮಾನ್ಯವಾಗಿ ಬಡಕಲಾಗಿ ಕಾಣುವುದಕ್ಕೆ ಕಾರಣ ಇದು. ಮಾಡುವವರಿಗೆ ಪ್ರತಿಭೆ ಕಡಿಮೆ ಅಂತ ತಿಳಿಯಬಾರದು.

ನಾನು ಮಾಡಿದ ಒಂದು ಲಾರಿ ಚಕ್ರದ ವಿಷಯ ಹೇಳುತ್ತೇನೆ. ಹಳೆಯ ತಲೆಮಾರು ಮುಗಿದು ಹೊಸದು ಶುರುವಾಗುವ ಕಾಲ. ಪ್ಲೇಸ್ಟೇಷನ್ 3ರಲ್ಲಿ ನೆನಪಿನ ಜಾಗ 256 ಎಂ.ಬಿ.ಯ ಎರಡು ಹೋಳು. ಪ್ಲೇಸ್ಟೇಷನ್ 4ರಲ್ಲಿ 8 ಜಿ.ಬಿ. ಹದಿನಾರು ಪಟ್ಟು. ಒಂದೇ ಚಕ್ರವನ್ನು ಎರಡು ಸಲ ಮಾಡಬೇಕು. ಹಳೆಯದಕ್ಕೆ ಚಕ್ರವನ್ನು ಪೂರ್ತಿ ಗುಂಡಗೆ ಮಾಡುವ ಹಾಗಿಲ್ಲ, ಹತ್ತಿರ ಹೋದರೆ ಮೂಲೆಗಳು ಕಾಣುತ್ತವೆ. ಟೈರಿನ ಗೀರುಗಳನ್ನು ಕೆತ್ತುವಂತಿಲ್ಲ, ಬಣ್ಣದಲ್ಲಿ ನೆರಳು ಬರೆದು ಕಣ್ಣು ಮರೆಸಬೇಕು. ಪಕ್ಕದ ಅಕ್ಷರಗಳು ಬರೀ ಬೂದು ಮಸಿ. ಹೊಸದಕ್ಕೆ ಅದೇ ಚಕ್ರದಲ್ಲಿ ಪ್ರತಿ ಗೀರೂ ಆಳವಾಗಿರಬೇಕು, ಗೀರಿನೊಳಗೆ ಸಿಕ್ಕ ಕೆಸರು ಒಣಗಿರಬೇಕು, ನಟ್ಟಿನ ಒಂದು ಅಂಚಿನಲ್ಲಿ ತುಕ್ಕು ಹೆಚ್ಚಿರಬೇಕು, ಟೈರಿನ ಮೇಲಿನ ಅಳತೆಯ ಅಂಕಿ ಓದುವಂತಿರಬೇಕು. ಒಂದು ಚಕ್ರಕ್ಕೆ ಹಿಡಿಯುವ ಹೊತ್ತು ನಾಲ್ಕೈದು ಪಟ್ಟಾಯಿತು. ದಿನಾಂಕ ಮಾತ್ರ ಅಲ್ಲೇ ಇತ್ತು. ಆ ದಿನಾಂಕವನ್ನು ಇಟ್ಟವರು ನಮ್ಮನ್ನು ಕೇಳಿ ಇಟ್ಟವರಲ್ಲ. ಹೊಸ ಯಂತ್ರದ ಕಾರ್ಖಾನೆ, ಹಡಗು, ಅಮೆರಿಕದ ಕ್ರಿಸ್‌ಮಸ್ ವ್ಯಾಪಾರ, ಇವುಗಳನ್ನು ನೋಡಿ ಇಟ್ಟದ್ದು. ಆ ದಿನಗಳಲ್ಲಿ ರಾತ್ರಿ ಕೊನೆಯ ಬಸ್ಸು ತಪ್ಪಿಸಿಕೊಂಡು ಆಫೀಸಿನಲ್ಲೇ ಮಲಗಿದ ಗೆಳೆಯರನ್ನು ಕಂಡಿದ್ದೇನೆ.

ಎಕ್ಸ್‌ಬಾಕ್ಸ್ ಒನ್‌ನ ಮೊದಲ ದಿನಕ್ಕೆ ಬಂದ ಫೋರ್ಜಾ ಮೋಟಾರ್‌ಸ್ಪೋರ್ಟ್ 5ರಲ್ಲಿ ಸುಮಾರು 200 ಕಾರುಗಳಿದ್ದವು. ಅದಕ್ಕಿಂತ ಎರಡು ವರ್ಷ ಹಿಂದೆ ಹಳೆಯ ಯಂತ್ರಕ್ಕೆ ಬಂದಿದ್ದ ನಾಲ್ಕನೆಯದರಲ್ಲಿ 500 ಇದ್ದವು. ಹೊಸ ಯಂತ್ರದಲ್ಲಿ ಕಾರು ಕಡಿಮೆ ಯಾಕೆ ಎಂದು ಆಟಗಾರರು ಬೈದರು. ಆ ಬೈಗುಳ ಓದಿದಾಗ ನನಗೆ ನೆನಪಾದದ್ದು ಚಕ್ರಗಳು.

ಎರಡು ತಲೆಮಾರಿನ ನಡುವೆ ಕಾಲಿಟ್ಟು ಬಿದ್ದವರ ಪೈಕಿ ಪೋಲೆಂಡಿನ ಸೈಬರ್‌ಪಂಕ್ 2077 ಎಲ್ಲರಿಗೂ ಗೊತ್ತಿರುವುದು. 2020ರ ನವೆಂಬರ್‌ನಲ್ಲಿ ಹೊಸ ಯಂತ್ರಗಳು ಬಂದವು. ಡಿಸೆಂಬರ್ 10ಕ್ಕೆ ಈ ಗೇಮ್ ಬಂತು. ಕನ್ಸೋಲ್‌ಗಳ ಪೈಕಿ ಮಾರಿದ್ದು 2013ರ ಹಳೆಯ ಯಂತ್ರಗಳಿಗೆ, ಯಾಕೆಂದರೆ ಮನೆಗಳಲ್ಲಿದ್ದದ್ದು ಅವೇ. ಆದರೆ ಗೇಮಿನ ನಗರ ಆ ಯಂತ್ರಗಳ ಕೈಯಲ್ಲಿ ಹೊರಲಾಗದಷ್ಟು ದೊಡ್ಡದಾಗಿತ್ತು. ಚಿತ್ರ ತಡವರಿಸಿತು, ಆಟ ನಡುವೆ ನಿಂತುಹೋಯಿತು. ಸುಮಾರು ಒಂದು ವಾರದಲ್ಲಿ ಸೋನಿ ತನ್ನ ಅಂಗಡಿಯಿಂದ ಅದನ್ನು ತೆಗೆದು ಹಾಕಿ ಕೊಂಡವರಿಗೆ ಹಣ ವಾಪಸ್ ಕೊಡುತ್ತೇನೆಂದಿತು. ಮತ್ತೆ ಅಂಗಡಿಗೆ ಬಂದದ್ದು 2021ರ ಜೂನ್‌ನಲ್ಲಿ. 2020ರಲ್ಲೇ ಮೈಕ್ರೋಸಾಫ್ಟ್ ಇನ್ನೊಂದು ದಾರಿ ಹಿಡಿಯಿತು. ಹೊಸ ಎಕ್ಸ್‌ಬಾಕ್ಸ್ ಜೊತೆ ಬರಬೇಕಿದ್ದ ಹೇಲೋ ಇನ್ಫಿನಿಟ್ ಸಿದ್ಧವಿಲ್ಲ ಎಂದು ಒಪ್ಪಿಕೊಂಡು, ಮುಖ್ಯ ಗೇಮೇ ಇಲ್ಲದೆ ಯಂತ್ರ ಬಿಡುಗಡೆ ಮಾಡಿ, ಗೇಮನ್ನು ಒಂದು ವರ್ಷ ತಡವಾಗಿ 2021ರ ಡಿಸೆಂಬರ್ 8ಕ್ಕೆ ಕೊಟ್ಟಿತು. ಮೇಜಿನ ಮೇಲೆ ಕೆಲಸ ಮಾಡಿದವನಾಗಿ ನಾನು ಎರಡನೆಯ ದಾರಿಯ ಪರ.

ಇನ್ನು ನಮ್ಮ ದೇಶಕ್ಕೆ ಬರೋಣ. ಯಂತ್ರದ ದಿನಾಂಕ ಅಮೆರಿಕಕ್ಕೆ ಒಂದು, ನಮಗೆ ಇನ್ನೊಂದು. ಪ್ಲೇಸ್ಟೇಷನ್ 3 ಅಮೆರಿಕದಲ್ಲಿ 2006ರ ನವೆಂಬರ್, ಇಲ್ಲಿ 2007ರ ಏಪ್ರಿಲ್. ಎಕ್ಸ್‌ಬಾಕ್ಸ್ ಒನ್ ಅಲ್ಲಿ 2013ರ ನವೆಂಬರ್, ಇಲ್ಲಿ 2014ರ ಸೆಪ್ಟೆಂಬರ್. ಪ್ಲೇಸ್ಟೇಷನ್ 5 ಅಲ್ಲಿ 2020ರ ನವೆಂಬರ್, ಇಲ್ಲಿ 2021ರ ಫೆಬ್ರವರಿ 2. ಬೆಲೆ 49,990 ರೂಪಾಯಿ. ಅದರ ಜೊತೆ ಬಂದ ಸೋನಿಯವರ ದೊಡ್ಡ ಗೇಮಿನ ಬೆಲೆ 4,999. ಆ ಹೊತ್ತಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 275 ರೂಪಾಯಿ ಇತ್ತು. ಒಂದು ಗೇಮಿಗೆ ಹದಿನೆಂಟು ದಿನದ ಮಣ್ಣಿನ ಕೆಲಸ. ಯಂತ್ರಕ್ಕೆ 182 ದಿನ. ಆಗ ಸರ್ಕಾರ ಖಾತ್ರಿ ಕೊಡುತ್ತಿದ್ದದ್ದೇ ಒಂದು ಮನೆಗೆ ವರ್ಷಕ್ಕೆ 100 ದಿನ! ಹೀಗಿರುವಾಗ ಹೊಸ ಯಂತ್ರದ ಮೊದಲ ದಿನ ಎಂಬುದು ಈ ಸಭೆಯಲ್ಲಿರುವ ಬಹುಪಾಲು ಮನೆಗಳಿಗೆ ಸಂಬಂಧವೇ ಇಲ್ಲದ ದಿನ.

ಇದನ್ನು ಸೋನಿಯವರೂ ಅರಿತಿದ್ದರು. ಪ್ಲೇಸ್ಟೇಷನ್ 3 ಬಂದು ಎರಡು ವರ್ಷ ಕಳೆದ ಮೇಲೆ, 2009ರಲ್ಲಿ, ಹನುಮಾನ್: ಬಾಯ್ ವಾರಿಯರ್ ಎಂಬ ಗೇಮನ್ನು ಹೈದರಾಬಾದಿನ ಅರೋನಾ ಕಂಪನಿಯಿಂದ ಮಾಡಿಸಿ ಅವರು ತಂದದ್ದು ಹಳೆಯ ಪ್ಲೇಸ್ಟೇಷನ್ 2ಕ್ಕೆ. ಅದೇ ವರ್ಷ ದೇಸಿ ಅಡ್ಡಾ ಎಂಬ ಹೆಸರಿನಲ್ಲಿ ನಮ್ಮ ನಾಡಿನ ಆಟಗಳ ಗೇಮ್ ಬಂದದ್ದೂ ಅದೇ ಹಳೆಯ ಯಂತ್ರಕ್ಕೆ. ಭಾರತದ ಮನೆಗಳಲ್ಲಿ ಇದ್ದದ್ದು ಅದು. ಗೇಮ್ ಅಷ್ಟೇನೂ ಚೆನ್ನಾಗಿರಲಿಲ್ಲ, ಅದು ಬೇರೆ ಮಾತು. ಯಂತ್ರದ ಆಯ್ಕೆ ಸರಿಯಿತ್ತು. 2000ದಲ್ಲಿ ಹುಟ್ಟಿದ ಆ ಯಂತ್ರಕ್ಕೆ 2013ರಲ್ಲೂ ಹೊಸ ಫುಟ್‌ಬಾಲ್ ಗೇಮ್ ಬರುತ್ತಿತ್ತು. ಒಟ್ಟು 16 ಕೋಟಿ ಮಾರಾಟವಾಗಿ, ಇವತ್ತಿಗೂ ಅದೇ ಮೊದಲ ಸ್ಥಾನದಲ್ಲಿದೆ.

ಹ್ಯಾಂಡ್‌ಪೋಸ್ಟ್‌ನ ಯಂತ್ರ ಮೊಬೈಲ್. ಇಲ್ಲಿ ಹಿಂದೆಯೂ ಅದೇ ಆಗಿತ್ತು. 2003ರಲ್ಲಿ ಬಂದ ನೋಕಿಯಾ 1100 ಇಟ್ಟುಕೊಂಡಿದ್ದವರು ಈ ಸಭೆಯಲ್ಲಿ ಬಹಳ ಜನ ಇರಬೇಕು. ಟಾರ್ಚ್ ಇತ್ತು, ಹಾವಿನ ಆಟ ಇತ್ತು. ಹಾವಿನ ಆಟಕ್ಕೆ ಬಿಡುಗಡೆಯ ದಿನಾಂಕವೇ ಇರಲಿಲ್ಲ, ಯಂತ್ರದ ಹೊಟ್ಟೆಯಲ್ಲೇ ಬಂತು. ಕೋಟೆ ಸಂತೆಗೆ ಬಂದ ಅಪ್ಪನ ಜೇಬಿನಿಂದ ಫೋನ್ ಕಸಿದು ಹಾವು ಆಡಿಸಿದ ಮಕ್ಕಳು ಈಗ ಅಪ್ಪ ಅಮ್ಮಂದಿರಾಗಿದ್ದಾರೆ. ಆಮೇಲೆ 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು, ಡೇಟಾ ಅಗ್ಗವಾಯಿತು, ಆರೇಳು ಸಾವಿರದ ಆ್ಯಂಡ್ರಾಯ್ಡ್ ಫೋನ್ ಹಳ್ಳಿ ಸೇರಿತು. ಒಂದೂವರೆ ವರ್ಷದ ಮೇಲೆ, 2018ರ ಮಾರ್ಚ್‌ನಲ್ಲಿ, ಪಬ್‌ಜಿ ಮೊಬೈಲ್ ಬಂತು. ಯಂತ್ರ ಮನೆ ಸೇರಿದ ಮೇಲೆ ಗೇಮ್. ಕಡಿಮೆ ಶಕ್ತಿಯ ಫೋನುಗಳಿಗೆಂದು 2019ರ ಜುಲೈನಲ್ಲಿ ಅದರದೇ ಲೈಟ್ ಆವೃತ್ತಿಯನ್ನೂ ತಂದರು. ನಮ್ಮ ಹುಡುಗರನ್ನು ಗೇಮ್ ಹಾಳುಮಾಡಿತು ಎನ್ನುವ ಹಿರಿಯರು ಕ್ಷಮಿಸಬೇಕು. ಇದರಲ್ಲಿ ಕಲಿಯಬೇಕಾದದ್ದು ಇದೆ. ಅಗ್ಗದ ಫೋನಿನ ಹುಡುಗನನ್ನೂ ಲೆಕ್ಕಕ್ಕೆ ತೆಗೆದುಕೊಂಡು ಗೇಮನ್ನು ಕುಗ್ಗಿಸಿ ಕೊಟ್ಟವರು ಅವರು.

2020ರ ಸೆಪ್ಟೆಂಬರ್ 2ಕ್ಕೆ ಸರ್ಕಾರ ಪಬ್‌ಜಿ ನಿಷೇಧಿಸಿತು. ಎರಡೇ ದಿನಕ್ಕೆ ಬೆಂಗಳೂರಿನ ಎನ್‌ಕೋರ್ ಗೇಮ್ಸ್‌ನ ಫೌಜಿ ಎಂಬ ಗೇಮ್ ಬರುತ್ತದೆಂದು ನಟ ಅಕ್ಷಯ್ ಕುಮಾರ್ ಸಾರಿದರು. ಅಕ್ಟೋಬರ್ ಅಂದರು, ನವೆಂಬರ್ ಅಂದರು, ಕೊನೆಗೆ 2021ರ ಜನವರಿ 26, ಗಣರಾಜ್ಯೋತ್ಸವದ ದಿನ ಬಂತು. ಅದಾಗಿ ಒಂದು ವಾರಕ್ಕೆ ಸರಿಯಾಗಿ ಪ್ಲೇಸ್ಟೇಷನ್ 5 ಭಾರತಕ್ಕೆ ಬಂತು. ಕೆಲವೇ ಸಾವಿರ ಜನ ಅದಕ್ಕಾಗಿ ಕಾದು ಕೂತಿದ್ದಾಗ ಲಕ್ಷಾಂತರ ಹುಡುಗರು ಬೆಂಗಳೂರಿನ ಗೇಮನ್ನು ಫೋನಿಗೆ ಇಳಿಸಿಕೊಂಡರು. ಜನರ ಕೈಯಲ್ಲಿ ಯಂತ್ರ ಇತ್ತು, ಪಬ್‌ಜಿ ಇರಲಿಲ್ಲ, ಬಿಡುಗಡೆಯ ದಿನವೂ ಹಬ್ಬದ ದಿನ. ಇಂಥ ಗಳಿಗೆ ಕನ್ನಡ ನಾಡಿನ ಗೇಮ್ ಕಂಪನಿಗೆ ಹಿಂದೆ ಸಿಕ್ಕಿರಲಿಲ್ಲ. ಆದರೆ ಒಳಗೆ ಆಡಲು ಇದ್ದದ್ದು ಗಲ್ವಾನ್ ಕಣಿವೆಯ ಒಂದೇ ಕಥೆ. ಗೆಳೆಯರು ಕೂಡಿ ಆಡುವ ವಿಭಾಗ ಬಂದದ್ದು ಜೂನ್‌ನಲ್ಲಿ. ಜುಲೈ 2ಕ್ಕೆ ಪಬ್‌ಜಿಯೇ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿತು. ನನಗೆ ಇದು ಇವತ್ತಿಗೂ ಸಂಕಟದ ವಿಷಯ. ಅಂಥ ಗಳಿಗೆಯನ್ನು ಹಿಡಿಯಲು ಬೇಕಾದ ಪ್ರತಿಭೆ ಆ ಊರಿನಲ್ಲೇ ಇತ್ತು, ಹೊರದೇಶದ ಗೇಮುಗಳ ಚಕ್ರ ಕೆತ್ತುತ್ತಿತ್ತು.

ಕರ್ನಾಟಕ ಸರ್ಕಾರ 2012ರಲ್ಲೇ, ದೇಶದಲ್ಲೇ ಮೊದಲು, ಅನಿಮೇಷನ್ ಮತ್ತು ಗೇಮ್ ಉದ್ಯಮಕ್ಕೆ ನೀತಿ ರೂಪಿಸಿತು. 2024ರಿಂದ ಹೊಸ ನೀತಿ ಜಾರಿಯಲ್ಲಿದೆ. ಅದರ ಫಲ ಬೆಂಗಳೂರಿನ ಹೊರವರ್ತುಲ ರಸ್ತೆ ದಾಟಿ ಹುಣಸೂರು, ಕೋಟೆಗೆ ಬರಬೇಕು ಎಂಬುದು ನನ್ನ ಬೇಡಿಕೆ. ಇಲ್ಲಿನ ಕಾಲೇಜುಗಳಲ್ಲಿ ಕಂಪ್ಯೂಟರ್ ಓದುತ್ತಿರುವ ಮಕ್ಕಳಿಗೆ ಒಂದು ಸಣ್ಣ ಗೇಮನ್ನು ಕೊನೆಮುಟ್ಟಿಸುವುದನ್ನು ಕಲಿಸುವವರು ಬೇಕು. ಶುರು ಮಾಡುವುದನ್ನು ಅವರು ತಾವೇ ಕಲಿತುಕೊಳ್ಳುತ್ತಾರೆ.

ಆ ಮಕ್ಕಳಿಗೆ ನಾನು ಹೇಳುವುದು ದಿನಾಂಕದ ವಿಷಯವೇ. ಜಿಟಿಎ 6ನ್ನು ಮೊದಲು 2025ಕ್ಕೆ ಎಂದಿದ್ದರು, ಆಮೇಲೆ 2026ರ ಮೇ ಎಂದರು, 2025ರ ನವೆಂಬರ್‌ನಲ್ಲಿ ಅದನ್ನೂ ಮುಂದೂಡಿ 2026ರ ನವೆಂಬರ್ 19 ಎಂದರು. ಪ್ಲೇಸ್ಟೇಷನ್ 5 ಹುಟ್ಟಿ ಆರು ವರ್ಷ ತುಂಬುವ ಹೊತ್ತು, 8 ಕೋಟಿಗೂ ಹೆಚ್ಚು ಮಾರಾಟವಾಗಿರುವ ಹೊತ್ತು. ಮತ್ತದೇ ಲೆಕ್ಕ. ಅಷ್ಟು ದೊಡ್ಡದು ಬರುವ ದಿನದ ಹತ್ತಿರ ತಮ್ಮ ಗೇಮ್ ಬೀಳದಂತೆ ಬೇರೆ ಕಂಪನಿಗಳು ಕ್ಯಾಲೆಂಡರ್ ತಿದ್ದಿಕೊಳ್ಳುತ್ತವೆ. ನೀವು ನೋಡಬೇಕಾದ ಕ್ಯಾಲೆಂಡರ್ ಬೇರೆಯಿದೆ.

ಮೊನ್ನೆ ಇಲ್ಲಿನ ಒಂದು ಮೊಬೈಲ್ ಅಂಗಡಿಯಲ್ಲಿ ಕೂತಿದ್ದೆ. ಹೈಸ್ಕೂಲಿನ ಹುಡುಗನೊಬ್ಬ ಅಣ್ಣನ ಹಳೆಯ ಫೋನ್ ತಂದ. ಗಾಜು ಒಂದು ಮೂಲೆಯಲ್ಲಿ ಬಿರಿದಿತ್ತು, ಅಂಟುಪಟ್ಟಿ ಹಾಕಿತ್ತು. 32 ಜಿ.ಬಿ. ಫೋನು, ಗೇಮಿನ ಹೊಸ ಅಪ್‌ಡೇಟ್ ಇಳಿಯಲು ಜಾಗವಿಲ್ಲ. ಅವನು ಒಂದೊಂದೇ ಫೋಟೊ ನೋಡಿ ಅಳಿಸತೊಡಗಿದ. ಜಾತ್ರೆಯದು ಹೋಯಿತು, ಎತ್ತಿನದು ಹೋಯಿತು, ಅಜ್ಜಿಯ ಫೋಟೊ ಬಂದಾಗ ಬೆರಳು ನಿಂತಿತು. ಅದನ್ನು ಬಿಟ್ಟು ವಾಟ್ಸ್‌ಆ್ಯಪ್ ವಿಡಿಯೊಗಳನ್ನು ಅಳಿಸಿದ. ಆದರೂ ಜಾಗ ಸಾಲಲಿಲ್ಲ. ಅಂಗಡಿಯ ಅಣ್ಣ ಹೇಳಿದ: "ಹರಾಜು ಮುಗೀಲಿ ತಮ್ಮಾ, ನಿಮ್ಮಣ್ಣ ಇನ್ನೊಂದು ತಗೊಂಡ್ರೆ ಈಗಿಂದು ನಿಂಗೇ."

ನಮ್ಮ ಕಡೆ ಯಂತ್ರ ಕೈ ಬದಲಾಯಿಸುವುದು ಹೀಗೆ. ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿಗೋ ಹೊಗೆಸೊಪ್ಪಿನ ಹರಾಜು ಶುರುವಾಗುತ್ತದೆ, ಬಿಲ್ಲಿನ ಹಣ ಖಾತೆಗೆ ಬಂದು, ಸಾಲಕ್ಕೆ ಜಮೆಯಾಗಿ ಉಳಿದದ್ದರಲ್ಲಿ ಡಿಸೆಂಬರ್, ಜನವರಿಗೆ ಅಣ್ಣ ಹೊಸ ಫೋನ್ ಕೊಳ್ಳುತ್ತಾನೆ, ಅವನದು ತಮ್ಮನಿಗೋ ತಂಗಿಗೋ ಬರುತ್ತದೆ. ಸಂಕ್ರಾಂತಿ ಕಳೆದು ಪರೀಕ್ಷೆ ಹತ್ತಿರವಾಗುವ ಮುಂಚೆ ನಾಲ್ಕು ವಾರ ಸಿಗುತ್ತವೆ. ಪರೀಕ್ಷೆ ಮುಗಿದ ಮೇಲೆ ಏಪ್ರಿಲ್, ಮೇ ಪೂರ್ತಿ ರಜೆ. ಕನ್ನಡದಲ್ಲಿ ಮಾತಾಡುವ ಗೇಮ್ ಮಾಡುವವರು ಈ ತಿಂಗಳುಗಳನ್ನು ಇಟ್ಟುಕೊಂಡು ಹಿಂದಕ್ಕೆ ಎಣಿಸಿ ಕೆಲಸ ಶುರು ಮಾಡಬೇಕು. 200 ಎಂ.ಬಿ. ದಾಟಬಾರದು. ನೆಟ್‌ವರ್ಕ್ ಇಲ್ಲದ ಕಾಡಂಚಿನ ಹಾಡಿಯಲ್ಲೂ ಓಡಬೇಕು. ಪರೀಕ್ಷಿಸಲು ಹೊಸ ಫೋನ್ ಕೊಳ್ಳುವುದು ಬೇಡ. ನಾಲ್ಕು ವರ್ಷ ಹಳೆಯದೊಂದನ್ನು ಇದೇ ಅಂಗಡಿಗಳಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಿ, ದಿನಾ ಸಂಜೆ ಅದರ ಮೇಲೆ ನಿಮ್ಮ ಗೇಮ್ ಓಡಿಸಿ ನೋಡಿ. ಕಂಪ್ಯೂಟರಿನ ಮೇಲೆ ಚೆನ್ನಾಗಿ ಕಂಡದ್ದು ಅದರಲ್ಲಿ ತಡವರಿಸಿದರೆ ಅವತ್ತೇ ತಿದ್ದಿ.

ಅಂಥದ್ದೊಂದು ಕೆಲಸಕ್ಕೆ ಕೈ ಹಾಕುವ ವಿದ್ಯಾರ್ಥಿಗಳು ಇವತ್ತು ಸಭೆ ಮುಗಿದ ಮೇಲೆ ನನ್ನನ್ನು ಕಾಣಿ. ಚಿತ್ರಕೆಲಸವನ್ನು ಹಳೆಯ ಯಂತ್ರಕ್ಕೆ ತಕ್ಕಂತೆ ಇಳಿಸುವುದನ್ನು ನಾನು ಕಲಿಸಿಕೊಡುತ್ತೇನೆ, ಶನಿವಾರ ಮಧ್ಯಾಹ್ನ ಇಲ್ಲಿಗೇ ಬರುತ್ತೇನೆ. ಈಗ ಪ್ರಶ್ನೆಗಳಿದ್ದರೆ ಕೇಳಿ.